ದಿನ ತುಂಬಿದ ಬಸುರಿಗೆ ‘ಪೂರ್ಣಾವಧಿ’ ಯಾಕೆ?

ಓದುಗರ ಪತ್ರ: ಕಳೆದ ಸಂಚಿಕೆಯ ಆರೋಗ್ಯ ಪುಟದಲ್ಲಿ ‘ದಿನ ತುಂಬಿದ ಬಸುರಿ’ ಎಂದು ಮತ್ತೆ ಮತ್ತೆ ಬಂದಿದೆ. ಇದು ಅಡುಗೆಮನೆಯ ಮಾತು. ನಿಮ್ಮದೇ ರಾಜಕೀಯ ಪುಟದಲ್ಲಿ ‘ಪೂರ್ಣಾವಧಿ ಮುಖ್ಯಮಂತ್ರಿ’ ಎಂದು ಚೆನ್ನಾಗಿ ಬರೆಯುತ್ತೀರಿ. ಹಾಗಿದ್ದ ಮೇಲೆ ‘ಪೂರ್ಣಾವಧಿ ಗರ್ಭಿಣಿ’ ಎನ್ನಲು ಏನಡ್ಡಿ? ಒಂದು ಅರ್ಥಕ್ಕೆ ಒಂದೇ ಪದವಿದ್ದರೆ ಭಾಷೆಗೆ ಶಿಸ್ತು.
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಓದಿ ನಿಜಕ್ಕೂ ಖುಷಿಯಾಯಿತು. ಪತ್ರಿಕೆಯ ಒಂದು ಪದ ಹಿಡಿದು ಕೂತು ಯೋಚಿಸುವ ಓದುಗರು ಎಲ್ಲರಿಗೂ ಸಿಗುವುದಿಲ್ಲ. ನಿಮ್ಮ ಮಾತಿನಲ್ಲಿ ನ್ಯಾಯವೂ ಇದೆ. ಒಂದೇ ಪುಟದಲ್ಲಿ ಒಂದೇ ವಿಷಯಕ್ಕೆ ನಾಲ್ಕು ಪದ ಬಳಸಿದರೆ ಓದುವವರಿಗೆ ಗೊಂದಲ. ಅಷ್ಟು ಒಪ್ಪಿದೆ. ಆದರೆ ಬಸುರಿಯನ್ನೂ ಮುಖ್ಯಮಂತ್ರಿಯನ್ನೂ ಒಂದೇ ಪದದೊಳಗೆ ಕೂರಿಸಿ ಅಂತೀರಲ್ಲ, ಅದನ್ನು ಮಾತ್ರ ಒಪ್ಪಲಾರೆ.

ಮುಖ್ಯಮಂತ್ರಿಗೆ ‘ಪೂರ್ಣಾವಧಿ’ ಸರಿಯಾಗಿಯೇ ಇದೆ. ಅಲ್ಲಿ ಅವಧಿಯನ್ನು ಹಾಕಿಕೊಟ್ಟಿರುವುದು ಸಂವಿಧಾನ. ವಿಧಾನಸಭೆಗೆ ಮೊದಲ ಸಭೆ ಸೇರಿದ ದಿನದಿಂದ ಐದು ವರ್ಷ ಅಂತ 172ನೇ ವಿಧಿ ಹೇಳುತ್ತದೆ. ಈ ಐದನ್ನು 1976ರಲ್ಲಿ 42ನೇ ತಿದ್ದುಪಡಿ ಆರು ಮಾಡಿತು. 1978ರ 44ನೇ ತಿದ್ದುಪಡಿ ಮತ್ತೆ ಐದಕ್ಕೆ ತಂದಿತು. ಅಂದರೆ ಅದು ಮನುಷ್ಯರು ಕೂತು ಗೊತ್ತುಮಾಡಿದ ಲೆಕ್ಕ. ಬೇಕಾದರೆ ಹಿಗ್ಗಿಸಬಹುದು, ಬೇಡವಾದರೆ ಮಧ್ಯದಲ್ಲೇ ಮುಗಿಸಬಹುದು.

ಮಧ್ಯದಲ್ಲೇ ಮುಗಿಯುವುದು ಏನು ಅಂತ ನಮ್ಮ ಶಿವಮೊಗ್ಗ ಜಿಲ್ಲೆಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ತಾಲ್ಲೂಕಿನವರೇ ಆದ ಕಡಿದಾಳ್ ಮಂಜಪ್ಪನವರು 1956ರಲ್ಲಿ ಮುಖ್ಯಮಂತ್ರಿಯಾದರು. ಎರಡೂವರೆ ತಿಂಗಳಿಗೆ ರಾಜ್ಯಗಳ ಪುನರ್ವಿಂಗಡಣೆ ಬಂತು, ಅಧಿಕಾರ ಮುಗಿಯಿತು. ಬಂಗಾರಪ್ಪನವರು 1990ರಿಂದ 1992ರವರೆಗೆ ಇದ್ದರು. ಯಡಿಯೂರಪ್ಪನವರು ನಾಲ್ಕು ಸಲ ಪ್ರಮಾಣವಚನ ತೆಗೆದುಕೊಂಡರು. ಯಾರಿಗೂ ಐದು ವರ್ಷ ಸಿಗಲಿಲ್ಲ. ಇಡೀ ರಾಜ್ಯದಲ್ಲೇ ಐದು ವರ್ಷ ಎಡೆಬಿಡದೆ ಆಳಿದವರು ಅಂತ ಎಣಿಸಲು ಹೊರಟರೆ ನಿಜಲಿಂಗಪ್ಪ, ದೇವರಾಜ ಅರಸು, 2013ರಿಂದ 2018ರವರೆಗೆ ಸಿದ್ದರಾಮಯ್ಯ, ಅಷ್ಟೇ. ಹಾಗಾಗಿ ‘ಪೂರ್ಣಾವಧಿ’ ನಮ್ಮ ರಾಜಕೀಯ ಪುಟಕ್ಕೆ ಬೇಕೇ ಬೇಕು. ಅಲ್ಲಿಂದ ಅದನ್ನು ಯಾರೂ ಕೀಳುತ್ತಿಲ್ಲ.

ಈಗ ಬಸುರಿಯ ವಿಷಯಕ್ಕೆ ಬನ್ನಿ. ಒಂದು ಅರ್ಥಕ್ಕೆ ಒಂದೇ ಪದ ಅಂದಿರಿ. ಅಧಿಕಾರದಲ್ಲಿ ಇರುವವರನ್ನು ನೋಡಿ ನಮ್ಮ ಜನ ‘ಅವನ ದಿನ ತುಂಬಿತು’ ಅಂದರೆ ಅದರ ಅರ್ಥ ಏನು ಅಂತ ನಿಮಗೆ ಗೊತ್ತು. ಅದು ಶಾಪ. ಅದೇ ಮಾತನ್ನು ಸೊಸೆಯ ಬಗ್ಗೆ ಅತ್ತೆ ಹೇಳಿದರೆ ಮನೆಯಲ್ಲಿ ತೊಟ್ಟಿಲು ಕೆಳಗಿಳಿಸಿ ಒರೆಸಲು ಶುರು ಮಾಡುತ್ತಾರೆ. ಇವೆರಡೂ ಒಂದೇ ಅರ್ಥ ಅಂತ ನಮ್ಮ ಜನ ಯಾವತ್ತೂ ಅಂದುಕೊಂಡಿಲ್ಲ. ನಾವು ಯಾಕೆ ಅಂದುಕೊಳ್ಳಬೇಕು?

ಪೂರ್ಣಾವಧಿ ಅಂದರೆ ವೈಜ್ಞಾನಿಕ ಅನ್ನುವ ಭಾವನೆ ನಿಮ್ಮ ಪತ್ರದ ಹಿಂದೆ ಇದೆ ಅನ್ನಿಸಿತು. ಇದು ನಿಮ್ಮೊಬ್ಬರದೇ ಅಲ್ಲ, ಓದಿದವರಲ್ಲಿ ಜಾಸ್ತಿ ಜನಕ್ಕೆ ಇರುವ ಭಾವನೆ. ವೈದ್ಯರ ಲೆಕ್ಕ ನೋಡೋಣ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ. ಆ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ ಅನ್ನುವ ಸೂತ್ರ ಜರ್ಮನಿಯ ನೇಗೆಲೆ ಎಂಬ ವೈದ್ಯರ ಹೆಸರಿನಲ್ಲಿದೆ. ಒಂಬತ್ತು ತಿಂಗಳು ಒಂಬತ್ತು ದಿನ ಅಂತ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು, ಅಲ್ವಾ? ಎರಡೇ ದಿನದ ವ್ಯತ್ಯಾಸ. ಅಡುಗೆಮನೆಯ ಮಾತು ಅಂತ ತಳ್ಳಿಹಾಕುವ ಮೊದಲು ಇದನ್ನು ನೆನಪಿಡಿ.

ಇನ್ನೂ ಒಂದಿದೆ. 37 ವಾರ ದಾಟಿದರೆ ಸಾಕು, ಅಲ್ಲಿಂದ 42 ವಾರದವರೆಗೆ ಎಲ್ಲವನ್ನೂ ವೈದ್ಯರು ‘ಪೂರ್ಣಾವಧಿ’ ಅನ್ನುವ ಒಂದೇ ಗುಂಪಿಗೆ ಹಾಕುತ್ತಿದ್ದರು. 2013ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘ ಅದನ್ನು ಒಡೆಯಿತು. 37 ಮತ್ತು 38ನೇ ವಾರ ಬೇರೆ, 39 ಮತ್ತು 40 ಮಾತ್ರ ಪೂರ್ತಿ, 41 ತಡ, 42 ದಾಟಿದರೆ ಅವಧಿ ಮೀರಿದ್ದು. ಕೊನೆಯ ವಾರಗಳಲ್ಲೂ ಮಗುವಿನ ಶ್ವಾಸಕೋಶ, ಮಿದುಳು ಬಲಿಯುತ್ತಲೇ ಇರುತ್ತವೆ. ಕಾರಣವಿಲ್ಲದೆ ಎರಡು ವಾರ ಮುಂಚೆ ಆಪರೇಷನ್ ಮಾಡಿ ತೆಗೆದರೆ ಮಗುವಿಗೆ ಉಸಿರಾಟದ ತೊಂದರೆ ಬರುವುದು ಜಾಸ್ತಿ. ವೈದ್ಯರಿಗೇ ಆ ದೊಡ್ಡ ಪದ ಸಾಲದೆ ಹೋಯಿತು. ವಿಜ್ಞಾನ ಇರುವುದು ವಾರದ ಲೆಕ್ಕದಲ್ಲಿ, ಸಂಸ್ಕೃತದ ಪದದಲ್ಲಿ ಅಲ್ಲ. ‘ದಿನ ತುಂಬಿದೆ, 39 ವಾರ’ ಅಂತ ಬರೆದರೆ ತಾಯಿಗೂ ತಿಳಿಯುತ್ತದೆ, ಡಾಕ್ಟರಿಗೂ ತಿಳಿಯುತ್ತದೆ.

ತಿಳಿಯದೆ ಹೋದರೆ ಏನಾಗುತ್ತದೆ ಅನ್ನುವುದನ್ನು ಹೊಸನಗರ ಕಡೆಯ ಒಂದು ಮನೆಯಲ್ಲಿ ನೋಡಿದ್ದೇನೆ. ಮೊಮ್ಮಗು ಬೇಗ ಹುಟ್ಟಿತ್ತು. ಆಸ್ಪತ್ರೆಯಿಂದ ಮನೆಗೆ ಬರುವಾಗ ತಾಯಿ ಕಾರ್ಡಿನ ಜೊತೆ ಕನ್ನಡದ ಒಂದು ಕರಪತ್ರ ಕೊಟ್ಟಿದ್ದರು. ಮಳೆಗೆ ನೆನೆಯದಿರಲಿ ಅಂತ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದರು. ಕರಪತ್ರದ ತಲೆಬರಹ ‘ಅವಧಿಪೂರ್ವ ಶಿಶುವಿನ ಆರೈಕೆ’. ಅಜ್ಜಿ ನನ್ನ ಮುಂದೆ ಹಿಡಿದು, “ಅವಧಿ ಮುಗಿದದ್ದು ಏನಾದ್ರೂ ಕೂಸಿಗೆ ಕೊಟ್ಟುಬಿಟ್ರಾ?” ಅಂತ ಕೇಳಿದರು. ಅವರಿಗೆ ಗೊತ್ತಿದ್ದ ಅವಧಿ ಔಷಧಿ ಬಾಟಲಿಯ ಮೇಲಿನದು. ಎರಡು ದಿನದಿಂದ ಆ ಹೆದರಿಕೆಯಲ್ಲೇ ಇದ್ದರು. ಆಶಾ ಕಾರ್ಯಕರ್ತೆ ಬಂದು, “ದಿನ ತುಂಬೋಕೆ ಮೊದಲೇ ಹುಟ್ಟಿದ ಕೂಸು ಅಜ್ಜಿ, ಬೆಚ್ಚಗೆ ಇಡಬೇಕು. ಬರಿ ಮೈಗೆ ಮೈ ತಾಗೋ ಹಾಗೆ ತಾಯಿ ಎದೆ ಮೇಲೆ ಮಲಗಿಸಿ, ಸ್ನಾನ ಈಗಲೇ ಬೇಡ” ಅಂದಳು. ಅಜ್ಜಿ ತಕ್ಷಣ ಎದ್ದು, ಬಚ್ಚಲೊಲೆಗೆ ಹಾಕಿದ್ದ ಕಟ್ಟಿಗೆಯನ್ನು ಹೊರಗೆಳೆದರು. ಕರಪತ್ರದಲ್ಲಿ ಇದ್ದದ್ದೂ ಅದೇ ಸಲಹೆ. ಆದರೆ ಅಜ್ಜಿ ತಲೆಬರಹ ದಾಟಿ ಒಳಗೆ ಹೋಗಿರಲೇ ಇಲ್ಲ. ಯಾರು ಓದಬೇಕೋ ಅವರನ್ನೇ ಹೊರಗೆ ನಿಲ್ಲಿಸುವ ಕನ್ನಡ ಯಾರಿಗೆ ಬೇಕು ಮೇಷ್ಟ್ರೇ?

ನಿಮ್ಮ ತೀರ್ಥಹಳ್ಳಿಯಲ್ಲೇ 1934ರಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ಅವರು ಬಸಿರು, ಬಾಣಂತನ, ಮಕ್ಕಳ ಆರೈಕೆಯ ಬಗ್ಗೆ ಕನ್ನಡದಲ್ಲೇ ಬರೆದರು. ಅವರೇನು ವಿಜ್ಞಾನ ಓದದವರೇ? ವೃತ್ತಿಯಿಂದ ವೈದ್ಯೆ. ಹೆಣ್ಣುಮಕ್ಕಳು ನಾಚಿಕೊಂಡು ಬಾಯಿ ಬಿಡದ ವಿಷಯಗಳನ್ನು ಅವರ ಕೈಗೇ ಪುಸ್ತಕ ಮಾಡಿ ಕೊಟ್ಟರು. ಅಂಥವರು ಹಾಕಿದ ದಾರಿ ನಮ್ಮ ಕಣ್ಣ ಮುಂದೆ ಇರುವಾಗ ಕಚೇರಿಯ ಭಾಷೆಯ ಹಿಂದೆ ಹೋಗುವುದು ನನಗೆ ಸಂಕಟದ ವಿಷಯ.

ದಿನ ತುಂಬುವುದು ಮಲೆನಾಡಿನಲ್ಲಿ ಸುಮ್ನೆ ಒಂದು ಮಾತಲ್ಲ. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ನಿಂತ ಮೇಲೆ ತುಮರಿ ಕಡೆಯವರಿಗೆ ಸಾಗರಕ್ಕೆ ಬರಲು ಲಾಂಚೇ ಗತಿಯಾಯಿತು. ರಾತ್ರಿ ಲಾಂಚ್ ಇರುತ್ತಿರಲಿಲ್ಲ. ಆ ಕಡೆಯ ಒಬ್ಬ ತಾಯಿ ನನಗೆ ಹೇಳಿದ್ದರು: ದಿನ ತುಂಬುತ್ತಾ ಬಂತು ಅಂದ ಕೂಡಲೇ ಬಟ್ಟೆ ಗಂಟು ಕಟ್ಟಿ ಸಾಗರದ ನೆಂಟರ ಮನೆಗೆ ಕಳಿಸಿಬಿಡುತ್ತಿದ್ದರು, ನೋವು ಬರುವವರೆಗೆ ಅಲ್ಲೇ ಕಾಯಬೇಕಿತ್ತು ಅಂತ. ಸೇತುವೆ ಆದದ್ದು 2025ರ ಜುಲೈನಲ್ಲಿ. ಅರವತ್ತು ವರ್ಷ ಎಷ್ಟು ಹೆಣ್ಣುಮಕ್ಕಳು ಆ ಎರಡು ಶಬ್ದದ ಮೇಲೆ ಕಣ್ಣಿಟ್ಟು ನೀರು ದಾಟಿರಬಹುದು, ಯೋಚಿಸಿ.

ಇಷ್ಟು ಬರೆದ ಮೇಲೆ ಅವಧಿಯ ಬಗ್ಗೆಯೇ ಒಂದು ನೋವು ಹೇಳಿಬಿಡುತ್ತೇನೆ. ಮುಖ್ಯಮಂತ್ರಿ ಪೂರ್ಣಾವಧಿ ಮುಗಿಸುತ್ತಾರೋ ಇಲ್ಲವೋ ಅಂತ ನಾವೆಲ್ಲ ದಿನಬೆಳಗಾದರೆ ಚರ್ಚೆ ಮಾಡುತ್ತೇವೆ. ನಮ್ಮ ಪತ್ರಿಕೆಯೂ ಮಾಡುತ್ತದೆ. 2016ರಲ್ಲಿ ಆರಿಸಿದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ನಡೆಸಿಕೊಂಡು ಬಂದರು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಇಲ್ಲ, ಆಂಬುಲೆನ್ಸ್ ಕೆಟ್ಟು ನಿಂತಿದೆ ಅಂತ ಹೇಳಿಕೊಳ್ಳಲು ಜನಕ್ಕೆ ಒಬ್ಬ ಸದಸ್ಯ ಇರಲಿಲ್ಲ. ಅರವತ್ತು ಕಿಲೋಮೀಟರ್ ಆಚೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬಸುರಿಯನ್ನು ಜೀಪಿನಲ್ಲಿ ಕರೆದುಕೊಂಡು ಹೊರಡುವ ಮನೆಯವರಿಗೆ ಆ ಅವಧಿ ದೊಡ್ಡದು, ವಿಧಾನಸೌಧದ್ದಲ್ಲ. ಇದರ ಬಗ್ಗೆ ಪತ್ರ ಬರೆಯುವವರು ಕಡಿಮೆ.

ನೀವು ಹತ್ತಾರು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವರು. ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಹಿರಿಯ ಹೆಂಗಸರು ಇನ್ನೂ ಒಬ್ಬಿಬ್ಬರಾದರೂ ಇರುತ್ತಾರೆ. ಬಸಿರಿನ ಒಂದೊಂದು ಹಂತಕ್ಕೆ, ನೋವಿಗೆ, ಬಾಣಂತನಕ್ಕೆ ಅವರು ಯಾವ ಮಾತು ಬಳಸುತ್ತಾರೆ ಅಂತ ಕೇಳಿ ಬರೆದು ಕಳಿಸಿ. ತಿದ್ದಬೇಡಿ, ಅವರು ಹೇಳಿದ ಹಾಗೇ ಇರಲಿ. ಬರುವ ತಿಂಗಳ ಆರೋಗ್ಯ ಪುಟದಲ್ಲಿ ಅದಕ್ಕೆ ಜಾಗ ಇಟ್ಟಿದ್ದೇನೆ. 20ನೇ ತಾರೀಖಿನೊಳಗೆ ಕೈಸೇರಿದರೆ ಒಳ್ಳೆಯದು.