ಹೆಸರಷ್ಟೇ ಕಿಲ್ಲರ್

ಹಾಸನದ ಓದುಗರೊಬ್ಬರ ಪತ್ರ: ‘ನನ್ನ ತಂಗಿಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ರಕ್ತದಲ್ಲಿ ಎನ್‌ಕೆ ಕೋಶ ಜಾಸ್ತಿ ಇವೆ, ಅವೇ ಮಗುವನ್ನು ಕೊಲ್ಲುತ್ತಿವೆ ಎಂದು ಪರಿಚಯದವರು ಹೆದರಿಸಿದ್ದಾರೆ. ನಿಜವೇ?’

ಮೊದಲು ತಂಗಿಗೆ ಧೈರ್ಯ ಹೇಳಿ. ಅರ್ಧ ಭಯ ಆ ಹೆಸರಿನದು. ಎನ್‌ಕೆ ಅಂದರೆ ನ್ಯಾಚುರಲ್ ಕಿಲ್ಲರ್, ಮೈ ಕಾಯುವ ಒಂದು ಬಗೆಯ ಬಿಳಿ ರಕ್ತಕಣ! 1975ರಲ್ಲಿ ಸ್ವೀಡನ್ನಿನ ಸಂಶೋಧಕರು ಇಲಿಗಳಲ್ಲಿ ಇವು ರಕ್ತಕ್ಯಾನ್ಸರ್ ಕೋಶಗಳನ್ನು ಮುಗಿಸುವುದನ್ನು ಕಂಡು ಹಾಗೆ ಕರೆದರು. ಹೆಸರು ಅಂಟಿಕೊಂಡಿತು.

ಬಸುರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಪದರದ ರಕ್ಷಣಾ ಕೋಶಗಳಲ್ಲಿ ನೂರಕ್ಕೆ ಸುಮಾರು 70 ಎನ್‌ಕೆಗಳೇ. ಅವು ಕೊಲ್ಲಲು ಬಂದವಲ್ಲ. ಮಾಸು ಬೇರೂರುವಾಗ ತಾಯಿಯ ರಕ್ತನಾಳಗಳು ಅಗಲವಾಗಬೇಕು, ಅದಕ್ಕೆ ಕೈಜೋಡಿಸುತ್ತವೆ. ರಕ್ತದಲ್ಲಿ ಓಡಾಡುವ ಎನ್‌ಕೆಗಳ ಗುಣವೇ ಬೇರೆ. ತೋಳಿನ ರಕ್ತ ಎಣಿಸಿ ಗರ್ಭಕೋಶದ ಸುದ್ದಿ ಹೇಳುವುದು, ಪಕ್ಕದೂರಿನ ಮಳೆ ನೋಡಿ ನಮ್ಮೂರ ಕೆರೆ ತುಂಬಿತು ಎಂದ ಹಾಗೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಎನ್‌ಕೆ ಕೋಶದ ಮೈಮೇಲೆ ಕೆಐಆರ್ ಎಂಬ ಗ್ರಾಹಕಗಳಿವೆ. ಎದುರಿನ ಕೋಶವನ್ನು ತಡವಿ ನೋಡುವ ಬೆರಳುಗಳು ಅನ್ನಿ. ಕೆಲವು ಬ್ರೇಕ್, ಕೆಲವು ಆಕ್ಸಿಲರೇಟರ್. ಇವುಗಳ ಜೀನ್‌ಗಳು 19ನೇ ಕ್ರೋಮೋಸೋಮಿನಲ್ಲಿ ಸಾಲಾಗಿವೆ, ಎಷ್ಟಿವೆ ಎನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಈ ಸಾಲು ಅಪ್ಪನಿಂದೊಂದು, ಅಮ್ಮನಿಂದೊಂದು ಕಟ್ಟಾಗಿ ಬರುತ್ತದೆ. ‘ಎ’ ಕಟ್ಟಿನಲ್ಲಿ ಹೆಚ್ಚೂಕಡಿಮೆ ಬ್ರೇಕುಗಳೇ. ‘ಬಿ’ಯಲ್ಲಿ ಆಕ್ಸಿಲರೇಟರ್ ಜಾಸ್ತಿ. ಎದುರಿನ ಕೋಶದ ಮೇಲೆ ಈ ಬೆರಳು ತಡವುವ ಗುರುತು ಎಚ್‌ಎಲ್‌ಎ-ಸಿ. ಅದರಲ್ಲಿ ಸಿ1, ಸಿ2 ಎಂದು ಎರಡು ಬಗೆ. ಅದರ ಜೀನ್ 6ನೇ ಕ್ರೋಮೋಸೋಮಿನಲ್ಲಿ. ಮಗುವಿನಲ್ಲಿ ಅದರ ಅರ್ಧ ಅಪ್ಪನ ಕಡೆಯದು.

2004ರಲ್ಲಿ ಕೇಂಬ್ರಿಜ್‌ನ ಆಶ್ಲಿ ಮಾಫೆಟ್ ತಂಡ ಒಂದು ವಿಷಯ ತೋರಿಸಿತು. ತಾಯಿಯ ಎರಡೂ ಕಟ್ಟು ಎ ಆಗಿದ್ದು, ಮಗುವಿಗೆ ಸಿ2 ಗುರುತು ಬಂದಿದ್ದರೆ, ಬಸುರಿಯ ಬಿಪಿ ಏರಿಸುವ ಪ್ರಿಎಕ್ಲಾಂಪ್ಸಿಯಾದ ಅಪಾಯ ಹೆಚ್ಚು. ನೋಡಿದ್ರಾ? ಕೋಶಗಳು ರೇಗಿದ್ದಕ್ಕಲ್ಲ ತೊಂದರೆ, ಬ್ರೇಕ್ ಬಿಗಿಯಾದದ್ದಕ್ಕೆ. ನಿಮ್ಮ ಭಯಕ್ಕೆ ಪೂರಾ ಉಲ್ಟಾ ಅಲ್ವಾ?

ಹಾಗಂತ ಎ ಕಟ್ಟು ಕೆಟ್ಟದ್ದಲ್ಲ. ಅದರಲ್ಲಿರುವ ಕೆಐಆರ್2ಡಿಎಲ್3 ಎಂಬ ಗ್ರಾಹಕ, ಸಿ1 ಗುರುತಿನ ಜೊತೆಗೆ ಸಡಿಲ ಬ್ರೇಕ್. ಈ ಜೋಡಿ ಅಪ್ಪ, ಅಮ್ಮ ಎರಡೂ ಕಡೆಯಿಂದ ಬಂದವರು ಹೆಪಟೈಟಿಸ್ ಸಿ ವೈರಸ್ಸನ್ನು ತಾವಾಗಿ ಹೊರಹಾಕುವ ಸಾಧ್ಯತೆ ಜಾಸ್ತಿ ಎಂದು ಅದೇ ವರ್ಷ ಇನ್ನೊಂದು ತಂಡ ವರದಿ ಮಾಡಿತು.

ಈಗ ತಂಗಿಯ ವಿಷಯ. ಥೈರಾಯ್ಡ್, ಗರ್ಭಕೋಶದ ಆಕಾರ, ರಕ್ತ ಹೆಪ್ಪುಗಟ್ಟಿಸುವ ಫಾಸ್ಫೋಲಿಪಿಡ್ ಆ್ಯಂಟಿಬಾಡಿ, ಇವನ್ನು ನೋಡಿಸಿದ್ದಾರಾ ಕೇಳಿ. ರಕ್ತದ ಎನ್‌ಕೆ ಎಣಿಕೆ ಒಂದನ್ನೇ ಹಿಡಿದು ಯಾರಾದರೂ ಸ್ಟೀರಾಯ್ಡ್ ಬರೆದುಕೊಟ್ಟರೆ, ನುಂಗುವ ಮುಂಚೆ ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ಚೀಟಿ ತೋರಿಸಲಿ.