ಸಮುದ್ರದ ಅಂಚಲ್ಲಿ ನಡೆಯೋರಿಗೆ, ಸೈಕಲ್‌ಗೆ, ಕುದುರೆಗೆ ಮೂರಕ್ಕೂ ಆಗೋ ಉದ್ದದ ದಾರಿ ಮಾಡಕ್ಕಾಗುತ್ತಾ?

ನೂರಾರು ಕಿಲೋಮೀಟರ್ ಉದ್ದಕ್ಕೆ ಈ ಥರ ದಾರಿ ನಿಜವಾಗ್ಲೂ ಸಾಧ್ಯನಾ, ಎಲ್ಲಿಂದ ಶುರು ಮಾಡ್ಬೇಕು ಅಂತ ಕೇಳಿದೀರ. ಸಾಧ್ಯ, ಆದ್ರೆ ಮೂರಕ್ಕೂ ಒಂದೇ ದಾರಿ ಅನ್ನೋ ಹಠ ಬಿಡ್ಬೇಕು. ನಾನು ಕುಮಟಾ ಕಡೆಯವನು, ಈಗ ಸುಮಾರು ವರ್ಷದಿಂದ ಕ್ಯಾಲಿಫೋರ್ನಿಯಾದ ಪೆಸಿಫಿಕಾದಲ್ಲಿದೀನಿ, ವಾರಕ್ಕೊಂದ್ಸಲ ಆದ್ರೂ ಇಲ್ಲಿನ ಕೋಸ್ಟಲ್ ಟ್ರೇಲ್‌ನಲ್ಲಿ, ಅಂದ್ರೆ ಕರಾವಳಿ ದಾರಿಯಲ್ಲಿ, ನಡಿತೀನಿ, ಇಲ್ಲಾಂದ್ರೆ ಸೈಕಲ್ ತುಳಿತೀನಿ, ಅದನ್ನೇ ಇಟ್ಕೊಂಡು ಹೇಳ್ತೀನಿ.

ಈ ಟ್ರೇಲ್ ಪೂರ್ತಿ ಆದ್ರೆ ಒರೆಗಾನ್ ಗಡಿಯಿಂದ ಮೆಕ್ಸಿಕೋ ಗಡಿ ತನಕ ಹತ್ತಿರ ಹತ್ತಿರ 1,900 ಕಿಲೋಮೀಟರ್. ಕರಾವಳಿ ಉಳಿಸ್ಬೇಕು ಅಂತ 1972ರಲ್ಲಿ ಜನರೇ ವೋಟ್ ಹಾಕಿ ಪ್ರೊಪೊಸಿಷನ್ 20 ಅನ್ನೋ ಪ್ರಸ್ತಾವ ಗೆಲ್ಲಿಸಿದ್ರು, 1976ರಲ್ಲಿ ಕೋಸ್ಟಲ್ ಆಕ್ಟ್ ಅನ್ನೋ ಕರಾವಳಿ ಕಾಯ್ದೆ ಬಂತು, ಆದ್ರೂ ಟ್ರೇಲ್ ಇವತ್ತಿಗೂ ತುಂಡು ತುಂಡಾಗೇ ಇದೆ. ಯಾಕಂದ್ರೆ ಕಷ್ಟ ಇರೋದು ಮಣ್ಣು ಅಗೆಯೋದ್ರಲ್ಲಿ ಅಲ್ಲ, ಜಾಗದ ಹಕ್ಕಲ್ಲಿ. ಇಲ್ಲಿ ಉಬ್ಬರದ ಗೆರೆಯಿಂದ ಕೆಳಗಿನ ಒದ್ದೆ ಮರಳು ಸಾರ್ವಜನಿಕರದ್ದು, ಅದರ ಮೇಲಿನ ಒಣ ಜಾಗ ಎಷ್ಟೋ ಕಡೆ ಖಾಸಗಿ. ಹಾಗಾಗಿ ತೀರದಲ್ಲಿ ಮನೆ ಕಟ್ಟೋಕೆ ಪರ್ಮಿಷನ್ ಕೊಡುವಾಗ ಕೋಸ್ಟಲ್ ಕಮಿಷನ್‌ನವರು ಜನ ಓಡಾಡೋಕೆ ಒಂದು ಪಟ್ಟಿ ಜಾಗ ಬಿಡ್ತೀನಿ ಅಂತ ಬರೆಸ್ಕೊಳ್ತಿದ್ರು. ಅದನ್ನ ಯಾವುದಾದ್ರೂ ಸರ್ಕಾರಿ ಸಂಸ್ಥೆ ಅಥವಾ ಟ್ರಸ್ಟ್ 21 ವರ್ಷದೊಳಗೆ ಒಪ್ಕೊಂಡು ನೋಡ್ಕೊಳ್ಳೋ ಜವಾಬ್ದಾರಿ ತಗೋಬೇಕು, ಇಲ್ದಿದ್ರೆ ಆ ಕಾಗದ ರದ್ದು! 1987ರಲ್ಲಿ ನೊಲನ್ ಅನ್ನೋ ಮನೆಯವ್ರ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಟ್ಟಡದಿಂದ ಆಗೋ ತೊಂದರೆಗೂ ಕಮಿಷನ್ ಹಾಕೋ ಷರತ್ತಿಗೂ ಸಂಬಂಧ ಇರ್ಬೇಕು ಅಂದ್ಬಿಡ್ತು, ಆಮೇಲಿಂದ ಹಾಗೆ ಬರೆಸ್ಕೊಳ್ಳೋದೂ ಸುಲಭ ಇಲ್ಲ. ಅದಕ್ಕೇ ಹೇಳೋದು, ಮೊದ್ಲು ಸರ್ವೆ ನಂಬರ್ ನೋಡಿ, ಆಮೇಲೆ ನಕ್ಷೆ ಬರೀರಿ.

ಈಗಾಗ್ಲೇ ಸರ್ಕಾರದ ಕೈಲಿರೋ ಹಳೇ ರಸ್ತೆ ಸಿಕ್ಕಿದ್ರಂತೂ ಬಿಡ್ಲೇಬೇಡಿ. ನಮ್ಮನೆ ಹತ್ರ ಡೆವಿಲ್ಸ್ ಸ್ಲೈಡ್ ಅಂತಿದೆ, ಹೈವೇ 1 ಅನ್ನೋ ಕರಾವಳಿ ರಸ್ತೆ ಅಲ್ಲಿ ಕಡಿದಾದ ಗುಡ್ಡಕ್ಕೆ ಅಂಟ್ಕೊಂಡು ಹೋಗ್ತಿತ್ತು, ಗುಡ್ಡ ಕುಸಿದು 1995ರಲ್ಲಿ ಮತ್ತೆ 2006ರಲ್ಲಿ ತಿಂಗಳುಗಟ್ಲೆ ಬಂದ್. ಕೊನೆಗೆ 2013ರಲ್ಲಿ ಸುರಂಗ ಮಾಡಿ ಗಾಡಿಗಳನ್ನ ಒಳಗೆ ಕಳ್ಸಿದ್ರು, ಹಳೇ ರಸ್ತೆಯ 2 ಕಿಲೋಮೀಟರ್‌ನ 2014ರಲ್ಲಿ ಟ್ರೇಲ್ ಮಾಡಿ ನಡೆಯೋರು, ಸೈಕಲ್, ಕುದುರೆ ಎಲ್ಲಾರ್ಗೂ ಬಿಟ್ರು. ಕೆಳಗೆ ಅಲೆ ಬಡಿಯೋ ಸದ್ದು, ಮೇಲೆ ಬಂಡೆಯಲ್ಲಿ ಗೂಡು ಕಟ್ಟಿರೋ ಡೇಗೆ, ನಂಗಂತೂ ಊರಿನ ಗುಡ್ಡದ ಮೇಲೆ ನಿಂತು ಕಡಲು ನೋಡಿದ ಹಾಗೇ ಆಗುತ್ತೆ.

ಇನ್ನು ಕುದುರೆ ವಿಷ್ಯ, ಇದನ್ನೇ ಜನ ಕೊನೆಗೆ ಯೋಚನೆ ಮಾಡೋದು. ಒಂದ್ಸಲ ಹಾಫ್ ಮೂನ್ ಬೇ ಅನ್ನೋ ಊರಿನ ಹತ್ರ ಸೈಕಲ್‌ನಲ್ಲಿ ಒಂದು ಕುದುರೆಯ ಹಿಂದಿನಿಂದ ಬಂದು ಬೆಲ್ ಹೊಡೆದೆ, ಅದು ಎರಡೂ ಕಿವಿ ಹಿಂದಕ್ಕೆ ಮಡಚಿ ಅಡ್ಡಡ್ಡ ನೆಗೀತು, ಮೇಲಿದ್ದ ಹೆಂಗಸು ಲಗಾಮು ಎಳೀತಾ "ಮಾತಾಡಿ, ಮಾತಾಡಿ" ಅಂತ ಕೂಗಿದ್ರು. ಇಳಿದು ನಿಂತು ಏನೋ ಮಾತಾಡ್ದೆ, ಅಷ್ಟಕ್ಕೇ ಅದು ತಣ್ಣಗಾಯ್ತು. ಸದ್ದಿಲ್ದೆ ಹಿಂದಿಂದ ಬರೋದು ಕುದುರೆಗೆ ಬೇಟೆಯಾಡೋ ಪ್ರಾಣಿ ಬಂದ ಹಾಗೆ ಅನ್ಸುತ್ತಂತೆ, ಮನುಷ್ಯರ ಧ್ವನಿ ಕೇಳಿದ್ರೆ ಗುರುತು ಹಿಡಿಯುತ್ತೆ. ಸೈಕಲ್ ಇಬ್ಬರಿಗೂ ದಾರಿ ಬಿಡ್ಬೇಕು, ನಡೆಯೋರು ಕುದುರೆಗೆ ಬಿಡ್ಬೇಕು, ಇದು ಇಲ್ಲಿ ಬೋರ್ಡ್ ಹಾಕಿರೋ ನಿಯಮ. ಆದ್ರೆ ಬರೀ ಬೋರ್ಡಿಂದ ಆಗಲ್ಲ. ಸೈಕಲ್‌ಗೆ, ವೀಲ್‌ಚೇರ್‌ಗೆ ಗಟ್ಟಿ ಡಾಂಬರ್ ಬೇಕು, ಅದರ ಮೇಲೆ ಲಾಳ ಜಾರುತ್ತೆ, ಕುದುರೆಗೆ ಮಣ್ಣೇ ಒಳ್ಳೇದು. ಹಾಫ್ ಮೂನ್ ಬೇಯಲ್ಲಿ ಡಾಂಬರ್ ದಾರಿ ಪಕ್ಕದಲ್ಲೇ ಕುದುರೆಗೆ ಬೇರೆ ಮಣ್ಣಿನ ದಾರಿ ಬಿಟ್ಟಿದಾರೆ, ಹಾಗಾಗಿ ತಕರಾರು ಕಮ್ಮಿ. ಜಾಗ ಇಲ್ದಿರೋ ಕಡೆ ನಡೆಯೋರು ಮರಳಲ್ಲಿ, ಸೈಕಲ್‌ನವರು ರಸ್ತೆ ಅಂಚಲ್ಲಿ ಹೋಗಿ ಮುಂದೆ ಮತ್ತೆ ಸೇರ್ಕೊಂಡ್ರೆ ಏನೂ ತಪ್ಪಿಲ್ಲ. ಮಾರ್ಚಿಂದ ಸೆಪ್ಟೆಂಬರ್ ತನಕ ಸ್ನೋಯಿ ಪ್ಲೋವರ್ ಅನ್ನೋ ಪುಟಾಣಿ ಹಕ್ಕಿ ಮರಳಲ್ಲೇ ಮೊಟ್ಟೆ ಇಡುತ್ತೆ, ಆಗ ಅಲ್ಲಿ ಹಗ್ಗ ಕಟ್ಟಿರ್ತಾರೆ, ಅಂಥ ಕಡೆಗೂ ಬಳಸು ದಾರಿ ಮೊದ್ಲೇ ಇಟ್ಕೊಳ್ಳಿ.

ಇನ್ನೊಂದು, ಹಳ್ಳಕ್ಕೆ ಕಾಲುಸೇತುವೆ ಹಾಕೋ ಮುಂಚೆ ಕುದುರೆ ಸಾಕಿರೋರನ್ನ ಕರೆದು ಜಾಗ ತೋರ್ಸಿ. ಮೆಟ್ಟಿಲಿಟ್ಟು ಕಿರಿದಾಗಿ ಕಟ್ಬಿಟ್ರೆ ಕುದುರೆಯವ್ರ ಟ್ರೇಲ್ ಅಲ್ಲಿಗೇ ಮುಗೀತು, ಸೈಕಲ್‌ನವ್ರು ಹೊತ್ಕೊಂಡಾದ್ರೂ ದಾಟ್ತಾರೆ.