ಸೂತಕವಿಲ್ಲದ ದುಃಖ: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ಕೌಟುಂಬಿಕ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

2025ರ ಆಗಸ್ಟ್ ಮೊದಲ ವಾರದಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು ಆನ್‌ಲೈನ್ ಸಮಾಲೋಚನೆಗೆ ಸಮಯ ಕೇಳಿದರು. ವಯಸ್ಸು 43, ಹುಟ್ಟಿ ಬೆಳೆದದ್ದು ಬೆಂಗಳೂರಿನ ಪೀಣ್ಯದ ಆಸುಪಾಸಿನಲ್ಲಿ, ಏಳು ವರ್ಷಗಳಿಂದ ಬರ್ಮಿಂಗ್‌ಹ್ಯಾಮ್ ಬಳಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಅರ್ಜಿಯಲ್ಲಿ ‘ನಿದ್ರೆ ಬರುತ್ತಿಲ್ಲ’ ಎಂದಷ್ಟೇ ಬರೆದಿದ್ದರು. ಮೊದಲ ಭೇಟಿಯ ಇಪ್ಪತ್ತು ನಿಮಿಷ ಕೆಲಸದ ಪಾಳಿ, ಮನೆ ಸಾಲ, ಮಗಳ ಶಾಲೆ ಎಂದು ಮಾತಾಡಿದ ಅವರು, ಬೆನ್ನ ಹಿಂದಿನ ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ತಿರುಗಿ ನೋಡಿ, ‘ನಗಬೇಡಿ ಮೇಡಂ, ಓಜಿ ತೀರಿಕೊಂಡಾಗಿನಿಂದ ಹೀಗಾಗಿದೆ’ ಎಂದರು.

ನಾನು ನಗಲಿಲ್ಲ. ಆದರೆ ಓಜಿ ಯಾರೆಂದು ಸರಿಯಾಗಿ ಗೊತ್ತಿಲ್ಲವೆಂದು ಒಪ್ಪಿಕೊಂಡೆ. ಅದು ಒಳ್ಳೆಯದೇ ಆಯಿತು, ಏಕೆಂದರೆ ಹೇಳುತ್ತ ಹೋದಂತೆ ಅವರ ದನಿಗೆ ಮೊದಲ ಬಾರಿ ಜೀವ ಬಂತು. ಬ್ಲ್ಯಾಕ್ ಸಬ್ಬತ್ ಎಂಬ ತಂಡ 1968ರಲ್ಲಿ ಬರ್ಮಿಂಗ್‌ಹ್ಯಾಮಿನ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ ಹುಟ್ಟಿತು. ಹಾಡುಗಾರ ಓಜಿ ಓಸ್‌ಬೋರ್ನ್, ಗಿಟಾರ್ ವಾದಕ ಟೋನಿ ಐಯೋಮಿ, ಬೇಸ್ ನುಡಿಸುವ ಗೀಜರ್ ಬಟ್ಲರ್, ಡ್ರಮ್ಸ್‌ನ ಬಿಲ್ ವಾರ್ಡ್. ಐಯೋಮಿ ಹದಿನೇಳನೆಯ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ, ಅದೂ ಕೆಲಸದ ಕೊನೆಯ ದಿನ, ಬಲಗೈಯ ಎರಡು ಬೆರಳ ತುದಿಗಳನ್ನು ಯಂತ್ರಕ್ಕೆ ಕಳೆದುಕೊಂಡರು. ಎಡಚರಾದ್ದರಿಂದ ತಂತಿ ಒತ್ತಬೇಕಾದ ಕೈಯೇ ಅದು. ಅವರು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ಅದಕ್ಕೆ ಚರ್ಮ ಸುತ್ತಿ, ತೆಳ್ಳಗಿನ ತಂತಿ ಕಟ್ಟಿ ನುಡಿಸತೊಡಗಿದರು. ಮುಂದೆ ಶ್ರುತಿಯನ್ನೂ ಕೆಳಗಿಳಿಸಿದರು. ಹೆವಿ ಮೆಟಲ್ ಎಂದು ಜಗತ್ತು ಕರೆಯುವ ಭಾರದ ನಾದದಲ್ಲಿ ಆ ಗಾಯದ ಪಾಲೂ ಇದೆ.

‘ನಮ್ಮಪ್ಪ ಪೀಣ್ಯದಲ್ಲಿ ಪವರ್ ಪ್ರೆಸ್ ಓಡಿಸುತ್ತಿದ್ದರು. ಅವರ ತೋರುಬೆರಳೂ ಅರ್ಧವೇ ಇತ್ತು’ ಎಂದರು ಅವರು. ಡಿಪ್ಲೊಮಾ ಓದುವಾಗ ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ಟಿನಲ್ಲಿ ಈ ಸಂಗೀತವನ್ನು ಮೊದಲು ಕೇಳಿದಾಗ ಅದು ವಿದೇಶದ್ದೆಂದು ಅನಿಸಲೇ ಇಲ್ಲವಂತೆ. ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋದಾಗ ಶೆಡ್ಡಿನೊಳಗಿಂದ ಕೇಳುತ್ತಿದ್ದ ಸದ್ದನ್ನೇ ಯಾರೋ ತಾಳಕ್ಕೆ ಕೂರಿಸಿದಂತಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ತಂದೆ 2019ರಲ್ಲಿ ತೀರಿಕೊಂಡಿದ್ದರು. ಅರ್ಧ ಬೆರಳಿನ ಮಾತು ಕೇಳಿದೊಡನೆ ನನ್ನೊಳಗಿನ ಆಪ್ತಸಲಹೆಗಾರ್ತಿಗೆ ಬೀಗದ ಕೈ ಸಿಕ್ಕಿದಂತಾಯಿತು: ಇವರು ಅಳುತ್ತಿರುವುದು ಹಾಡುಗಾರನಿಗಲ್ಲ, ಅಪ್ಪನಿಗೆ. ಎರಡನೆಯ ಮತ್ತು ಮೂರನೆಯ ಭೇಟಿಗಳನ್ನು ನಾನು ಅಪ್ಪನ ಸುತ್ತಲೇ ತಿರುಗಿಸಿದೆ. ಅವರು ಸೌಜನ್ಯದಿಂದ ಉತ್ತರಿಸಿದರು. ನಿದ್ರೆ ಮಾತ್ರ ಸುಧಾರಿಸಲಿಲ್ಲ. ಮೂರನೆಯ ಭೇಟಿಯ ಕೊನೆಗೆ ಅವರೇ ಹೇಳಿದರು: ‘ಅಪ್ಪ ಹೋದಾಗ ಊರಿಗೆ ಬಂದು, ಅತ್ತು, ಹದಿಮೂರು ದಿನದ ಕಾರ್ಯ ಎಲ್ಲ ಮುಗಿಸಿದ್ದೇನೆ ಮೇಡಂ. ಇದು ಬೇರೆ. ಇದು ಇದರದ್ದೇ.’

ಆ ಮಾತು ನನಗೆ ಪಾಠವಾಯಿತು. ಅಭಿಮಾನಿಯ ದುಃಖದ ಹಿಂದೆ ಇನ್ನೊಂದು ‘ಮರ್ಯಾದಸ್ಥ’ ದುಃಖವಿರಲೇಬೇಕು ಎಂದು ಹುಡುಕುವುದು ನಮ್ಮ ವೃತ್ತಿಯವರಿಗೆ ಅಂಟಿದ ಚಾಳಿ. ಕೆಲವೊಮ್ಮೆ ಅದು ಇರುತ್ತದೆ, ನಿಜ. ಆದರೆ ಇಪ್ಪತ್ತೈದು ವರ್ಷ ದಿನವೂ ಕೇಳಿದ ದನಿಯೊಂದು ನಿಂತುಹೋಗುವುದು ತಾನೇ ಒಂದು ನಷ್ಟ. ಮಾಧ್ಯಮದ ವ್ಯಕ್ತಿಗಳೊಡನೆ ಜನ ಬೆಳೆಸಿಕೊಳ್ಳುವ ಏಕಮುಖ ಸಂಬಂಧವನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ವಿವರಿಸಿದ್ದರು. ಸಮಾಜ ಒಪ್ಪದ ದುಃಖಕ್ಕೆ ಹೆಸರು ಕೊಟ್ಟವರು ಕೆನೆತ್ ಡೋಕಾ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಸೂತಕವಿಲ್ಲದ ದುಃಖ: ರಜೆ ಕೊಡುವವರಿಲ್ಲ, ಮಾತಾಡಿಸಲು ಬರುವವರಿಲ್ಲ, ಇಂಥ ದಿನಕ್ಕೆ ಮುಗಿಯಿತೆಂದು ಹೇಳುವ ಪುರೋಹಿತರೂ ಇಲ್ಲ.

ನಾಲ್ಕನೆಯ ಭೇಟಿಯಲ್ಲಿ ಅಪ್ಪನನ್ನು ಪಕ್ಕಕ್ಕಿಟ್ಟು, ಜುಲೈ 5ರಂದು, ಓಜಿಯ ಕೊನೆಯ ಕಛೇರಿಯ ದಿನ, ಏನಾಯಿತೆಂದು ಮೊದಲಿನಿಂದ ಹೇಳಲು ಕೇಳಿದೆ. ತಂಡ 2017ರ ಫೆಬ್ರುವರಿಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲೇ ಒಮ್ಮೆ ವಿದಾಯ ಹೇಳಿತ್ತು. ಆಗ ಇವರು ಬೆಂಗಳೂರಿನಲ್ಲಿದ್ದರು, ಹೋಗಲು ಹಣವಿರಲಿಲ್ಲ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನೋಡಿದ್ದರೂ ಈ ಒಂದು ತಂಡ ತಪ್ಪಿಹೋಯಿತೆಂದು ಕೈಬಿಟ್ಟಿದ್ದರು. ಹೀಗಿರುವಾಗ ಆಸ್ಟನ್‌ನಲ್ಲೇ ಇರುವ ವಿಲ್ಲಾ ಪಾರ್ಕ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಬಿಲ್ ವಾರ್ಡ್ ಸಹಿತ ಮೂಲ ನಾಲ್ವರೂ ಇಪ್ಪತ್ತು ವರ್ಷಗಳ ಬಳಿಕ ಒಂದಾಗಿ ಕೊನೆಯ ಕಛೇರಿ ಕೊಡುತ್ತಾರೆಂಬ ಪ್ರಕಟಣೆ ಬಂತು. ಆದಾಯ ಪಾರ್ಕಿನ್ಸನ್ಸ್ ಎಂಬ ನರರೋಗದ ಸಂಶೋಧನೆಗೆ, ಊರಿನ ಮಕ್ಕಳ ಆಸ್ಪತ್ರೆಗೆ ಮತ್ತು ಮಕ್ಕಳ ಉಪಶಮನ ಕೇಂದ್ರಕ್ಕೆ.

ಮೆಟಾಲಿಕಾ, ಗನ್ಸ್ ಎನ್ ರೋಸಸ್ ಮೊದಲಾದವರು ನುಡಿಸಿ ಇಳಿದ ಮೇಲೆ, ಸಂಜೆ, ವೇದಿಕೆಯ ಕೆಳಗಿನಿಂದ ಕಪ್ಪು ಸಿಂಹಾಸನವೊಂದು ಮೇಲೆದ್ದು ಬಂತು. ಅದರಲ್ಲಿ 76ರ ಓಜಿ. ಪಾರ್ಕಿನ್ಸನ್ಸ್ ಇದೆಯೆಂದು 2020ರಲ್ಲೇ ಎಲ್ಲರಿಗೂ ತಿಳಿಸಿದ್ದರು. ಆರು ವರ್ಷದಿಂದ ಹಾಸಿಗೆ ಹಿಡಿದಂತಾಗಿದ್ದೆ ಎಂದು ಅಂದು ಜನರಿಗೂ ಹೇಳಿಕೊಂಡರು. ಕೂತಲ್ಲೇ ಚಪ್ಪಾಳೆ ತಟ್ಟಿಸುತ್ತ, ಕಣ್ಣರಳಿಸುತ್ತ ಹಾಡಿದರು. ‘ಮಾಮಾ, ಐಯಾಮ್ ಕಮಿಂಗ್ ಹೋಮ್’ ಹಾಡಿದಾಗ ನಲವತ್ತು ಸಾವಿರ ಜನರ ನಡುವೆ, ತನ್ನ ಪಕ್ಕದಲ್ಲಿದ್ದ ಅಪರಿಚಿತ ಮುದುಕರೊಬ್ಬರು, ಮೈತುಂಬ ಹಚ್ಚೆಯವರು, ಇವರ ಹೆಗಲ ಮೇಲೆ ಕೈಯಿಟ್ಟು ಬಿಕ್ಕಿದರಂತೆ. ಆ ಹೆಗಲನ್ನು ಮುಟ್ಟಿ ತೋರಿಸುತ್ತ ನನ್ನ ಕಕ್ಷಿದಾರರು ಹೇಳಿದರು: ‘ಹಬ್ಬವೋ ಶ್ರಾದ್ಧವೋ ತಿಳಿಯಲಿಲ್ಲ. ಮನುಷ್ಯ ಎದುರಿಗಿದ್ದಾನೆ, ನಗುತ್ತಿದ್ದಾನೆ, ನಾವೆಲ್ಲ ಅಳುತ್ತಿದ್ದೇವೆ.’ ಆಮೇಲೆ ನಾಲ್ವರೂ ಸೇರಿ ನಾಲ್ಕು ಹಾಡು ನುಡಿಸಿದರು. ಐಯೋಮಿ ಕೈಕುಲುಕಿದರು, ಬಟ್ಲರ್ ಒಂದು ಕೇಕ್ ಕೊಟ್ಟರು, ಪಟಾಕಿ ಹಾರಿತು. ಅಷ್ಟೇ. ಐವತ್ತೇಳು ವರ್ಷದ ಕಥೆಗೆ ತಕ್ಕ ಅಪ್ಪುಗೆಯೊಂದು ಆಗಲೇ ಇಲ್ಲ ಎಂಬುದು ಇವರ ಕೊರಗು. (ನನಗೇನೋ ಆ ಮುಜುಗರದ ಕೇಕ್ ಬಹಳ ಹಿಡಿಸಿತು. ವಿದಾಯಗಳು ಸಾಮಾನ್ಯವಾಗಿ ಹಾಗೆಯೇ ಇರುತ್ತವೆ. ರೈಲು ಹೊರಡುವಾಗ ನಾವೂ ನೀರಿನ ಬಾಟಲಿಯ ಬಗ್ಗೆಯೇ ಮಾತಾಡುತ್ತೇವೆ.)

ಹದಿನೇಳು ದಿನಗಳಲ್ಲಿ, ಜುಲೈ 22ರಂದು, ಓಜಿ ತೀರಿಕೊಂಡರು. ಅಂದಿನಿಂದ ಇವರ ಸಂತೋಷದ ನೆನಪೇ ಅಪರಾಧವಾಗಿ ತಿರುಗಿತು. ‘ಏಳಲಾಗದವನನ್ನು ನಾವು ಕೂಗಿ ಕೂಗಿ ಹಾಡಿಸಿದೆವು. ನಾವೇ ಕೊಂದೆವೋ ಏನೋ’ ಎಂಬ ಯೋಚನೆ. ಫೋನಿನಲ್ಲಿ ತಾವೇ ತೆಗೆದ 63 ತುಣುಕು ವಿಡಿಯೋಗಳನ್ನು ರಾತ್ರಿ ಎರಡರವರೆಗೆ ತಿರುಗಿಸಿ ನೋಡಿ, ಓಜಿಯ ಮುಖದಲ್ಲಿ ನೋವಿನ ಗುರುತು ಹುಡುಕುತ್ತಿದ್ದರು. ಜುಲೈ 30ರಂದು ಶವಯಾತ್ರೆ ಬ್ರಾಡ್ ಸ್ಟ್ರೀಟ್‌ನಲ್ಲಿ ಸಾಗಿದಾಗ ಸಾವಿರಾರು ಜನ ಸೇರಿದ್ದರು. ಮುಕ್ಕಾಲು ಗಂಟೆಯ ದೂರದಲ್ಲಿದ್ದರೂ ಇವರು ರಜೆ ಕೇಳಲು ನಾಚಿಕೊಂಡು ಕೆಲಸಕ್ಕೆ ಹೋದರು.

ಮನೆಯಲ್ಲಿ ಪತ್ನಿ ‘ಯಾರೋ ಇಂಗ್ಲಿಷಿನವನಿಗೆ ಇಷ್ಟೊಂದಾ’ ಎಂದಿದ್ದರು. ಅವರನ್ನು ದೂರುವಂತಿಲ್ಲ. ಆದರೆ ಅದೇ ಪತ್ನಿ 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲವೆಂಬುದು ಮಾತಿನ ನಡುವೆ ಹೊರಬಂತು. ಕಂಠೀರವ ಕ್ರೀಡಾಂಗಣದ ಸಾಲುಗಳನ್ನು ಅವರು ಇಂಗ್ಲೆಂಡಿನಲ್ಲಿ ಕೂತು ಟಿ.ವಿ.ಯಲ್ಲಿ ನೋಡಿದ್ದರು. ಆಗ ಪತಿ ಸುಮ್ಮನೆ ಕಾಫಿ ಮಾಡಿಕೊಟ್ಟಿದ್ದರು.

ಇನ್ನು ನಾನು ಕೊಟ್ಟ ಸಲಹೆ. ಎಲ್ಲಕ್ಕೂ ಮೊದಲು, ಮೊದಲ ಭೇಟಿಯಲ್ಲೇ, ಸಾಯಬೇಕೆನ್ನುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದ್ದೆ. ನೆಚ್ಚಿನ ನಟರು ಹೋದಾಗ ಅಭಿಮಾನಿಗಳು ಜೀವ ಕಳೆದುಕೊಂಡ ಸುದ್ದಿಗಳನ್ನು ಕಂಡ ನಾಡಿನವಳಾಗಿ ಈ ಪ್ರಶ್ನೆಯನ್ನು ನಾನು ಸುತ್ತಿ ಬಳಸಿ ಕೇಳುವುದಿಲ್ಲ. ಇವರಿಗೆ ಅಂಥ ಯೋಚನೆ ಇರಲಿಲ್ಲ. ಇದ್ದಿದ್ದರೆ ದಾರಿಯೇ ಬೇರೆ: ಅಲ್ಲಿ ತಮ್ಮ ವೈದ್ಯರನ್ನು ಕೂಡಲೇ ಕಾಣಬೇಕಿತ್ತು, ಇಲ್ಲಿನವರಾದರೆ ಹಗಲಿರುಳೂ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆ ಮಾಡಬೇಕು.

ಅಪರಾಧ ಭಾವದ ಬಗ್ಗೆ, ‘ನಿಮ್ಮದೇನೂ ತಪ್ಪಿಲ್ಲ’ ಎಂದು ನಾನು ಹೇಳಲಿಲ್ಲ. ಅದನ್ನು ಕೇಳಿ ಸಮಾಧಾನವಾಗುವಂತಿದ್ದರೆ ಅವರು ನನ್ನ ಬಳಿ ಬರುತ್ತಲೇ ಇರಲಿಲ್ಲ. ಬದಲಿಗೆ ಗೊತ್ತಿರುವುದನ್ನು ಮತ್ತು ಊಹಿಸಿದ್ದನ್ನು ಬೇರೆ ಬೇರೆ ಬರೆದು ತರಲು ಹೇಳಿದೆ. ಗೊತ್ತಿದ್ದುದು: ತಿರುಗಾಟದ ಕಛೇರಿಗಳನ್ನು 2023ರಲ್ಲೇ ನಿಲ್ಲಿಸಿದ್ದ ಓಜಿ, ಅಭಿಮಾನಿಗಳಿಗೆ ವಿದಾಯ ಹೇಳಬೇಕೆಂದು ತಾವೇ ಬಯಸಿ, ಹುಟ್ಟಿ ಬೆಳೆದ ಬೀದಿಗಳ ಪಕ್ಕದ ಕ್ರೀಡಾಂಗಣಕ್ಕೆ ಬಂದರು. ಊಹೆ: ಹಾಡದಿದ್ದರೆ ಹೆಚ್ಚು ದಿನ ಬದುಕುತ್ತಿದ್ದರು. ಎರಡನೆಯದಕ್ಕೆ ಉತ್ತರ ಇಬ್ಬರ ಬಳಿಯೂ ಇರಲಿಲ್ಲ, ಆ ಕಾಗದವನ್ನು ಹಾಗೆಯೇ ಬಿಟ್ಟೆವು. ಆದರೆ ಅವರು ಹಾಡಲಿ ಎಂದು ನಲವತ್ತು ಸಾವಿರ ಜನ ಆಸೆಪಟ್ಟದ್ದು ಸುಳ್ಳಲ್ಲ, ಆ ಆಸೆಯ ಪಾಲನ್ನು ಇಟ್ಟುಕೊಂಡೇ ಬದುಕಬಹುದು ಎಂದೆ. ಅವರಿಗೆ ಹಿಡಿಸಿದ್ದು ಸಮಾಧಾನಕ್ಕಿಂತ ಈ ಮಾತು.

ವಿಡಿಯೋಗಳನ್ನು ಅಳಿಸಲು ಹೇಳಲಿಲ್ಲ. ರಾತ್ರಿ ಒಂಬತ್ತರ ನಂತರ ಫೋನ್ ಅಡುಗೆಮನೆಯಲ್ಲಿರಲಿ, ಹಗಲಿನಲ್ಲಿ ಬೇಕಾದಾಗ ನೋಡಿ, ಆದರೆ ಒಬ್ಬರೇ ನೋಡಬೇಡಿ ಎಂದೆ. ಪತ್ನಿಗೆ ಸಂಗೀತ ಅರ್ಥ ಮಾಡಿಸಲು ಹೋಗಬೇಡಿ, ಅಪ್ಪು ಹೋದ ದಿನ ಅವರಿಗೆ ಏನಾಗಿತ್ತೆಂದು ಕೇಳಿ, ಕೇಳಿಸಿಕೊಂಡು ಸುಮ್ಮನಿರಿ ಎಂದೆ. ಶವಯಾತ್ರೆ ತಪ್ಪಿದ ಜಾಗಕ್ಕೆ ಒಮ್ಮೆ ಹೋಗಿಬರಲು ಸೂಚಿಸಿದೆ. ಮೇಣದ ಬತ್ತಿ, ಪತ್ರ ಬರೆಯುವುದು ಮುಂತಾದ ನನ್ನ ಇನ್ನಷ್ಟು ಸೂಚನೆಗಳನ್ನು ಅವರು ನಯವಾಗಿ ತಳ್ಳಿಹಾಕಿದರು.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನಿದ್ರೆ ಆರು ಗಂಟೆಗೆ ಬಂದಿತ್ತು. ಆರನೆಯ ಮತ್ತು ಕೊನೆಯ ಭೇಟಿಯಲ್ಲಿ, ಹಿಂದಿನ ಭಾನುವಾರ ಮೂವರೂ ಬ್ರಾಡ್ ಸ್ಟ್ರೀಟ್‌ನ ಕಾಲುವೆ ಸೇತುವೆಗೆ ಹೋಗಿದ್ದಾಗಿ ತಿಳಿಸಿದರು. ತಂಡದ ಹೆಸರನ್ನೇ ಇಟ್ಟಿರುವ ಆ ಸೇತುವೆಯ ಮೇಲೆ ನಾಲ್ವರ ಚಿತ್ರಗಳಿರುವ ಲೋಹದ ಬೆಂಚೊಂದಿದೆ. ಮಗಳು ಐಸ್‌ಕ್ರೀಮಿಗೆ ಹಟ ಹಿಡಿದಿದ್ದಳು, ಮಳೆ ಹನಿಯುತ್ತಿತ್ತು, ತನಗೆ ಅಳು ಬರಲಿಲ್ಲವೆಂದು ಸ್ವಲ್ಪ ನಿರಾಸೆಯೂ ಆಯಿತು ಎಂದರು. ಪತ್ನಿ ಛತ್ರಿ ಹಿಡಿದು ನಾಲ್ಕು ಮುಖಗಳನ್ನೂ ಒಂದೊಂದಾಗಿ ನೋಡಿ, ‘ಇವರಲ್ಲಿ ಮಾವನ ಹಾಗೆ ಬೆರಳು ಹೋದವರು ಯಾರು?’ ಎಂದು ಕೇಳಿದರಂತೆ. ಅವರು ಐಯೋಮಿಯನ್ನು ತೋರಿಸಿದರು.